ಸಾಂಬ್ರಾದ ಆಕಾಶದಲ್ಲಿ ಯಾರಿಗೆ ಯಾರು ದಾರಿ ಬಿಡಬೇಕು?

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಸುತ್ತ ತರಬೇತಿ ವಿಮಾನಗಳ ಓಡಾಟ ಶುರುವಾದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಆಕಾಶದ ಸಂಚಾರವನ್ನು ಕುರಿತ ಪ್ರಶ್ನೆಗಳು ಹೆಚ್ಚಾಗಿವೆ. ಕಣ್ಣಳತೆಯಲ್ಲಿ ಹಾರುವ ಸಣ್ಣ ವಿಮಾನ, ಉಪಕರಣಗಳನ್ನು ನಂಬಿ ಬರುವ ಪ್ರಯಾಣಿಕ ವಿಮಾನ ಇವೆರಡೂ ಒಂದೇ ನಿಯಂತ್ರಿತ ವಾಯುಪ್ರದೇಶವನ್ನು ಹೇಗೆ ಹಂಚಿಕೊಳ್ಳುತ್ತವೆ ಎಂಬುದೇ ಬಹುಪಾಲು ಪತ್ರಗಳ ತಿರುಳು. ಹಾಗಾಗಿ ಈ ಸಂಚಿಕೆಯಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಕೇಳಿದ ಅಂಥ ಪ್ರಶ್ನೆಗಳನ್ನಷ್ಟೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಹೊಲ ವಿಮಾನ ನಿಲ್ದಾಣಕ್ಕೆ ಹತ್ತಿರದಲ್ಲಿದೆ. ಬೆಳಿಗ್ಗೆಯಿಂದ ಸಣ್ಣ ವಿಮಾನಗಳು ಒಂದರ ಹಿಂದೊಂದು ಸುತ್ತು ಹಾಕುತ್ತಿರುತ್ತವೆ. ದೊಡ್ಡ ವಿಮಾನ ಬರುವ ಹೊತ್ತಾದರೆ ಅವುಗಳಲ್ಲೊಂದು ದೂರದಲ್ಲೇ ಗಿರಕಿ ಹೊಡೆಯುತ್ತ ಉಳಿಯುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಬದಿಗೆ ಸರಿದು ಬಸ್ಸಿಗೆ ದಾರಿ ಬಿಟ್ಟಂತೆ ಕಾಣುತ್ತದೆ. ದೊಡ್ಡ ವಿಮಾನಕ್ಕೆ ಮೊದಲ ಹಕ್ಕು ಎಂಬ ನಿಯಮವಿದೆಯೇ?
– ಮಾರಿಹಾಳದ ರೈತರೊಬ್ಬರು

ಉತ್ತರ: ಅಂಥ ನಿಯಮವಿಲ್ಲ. ವಿಮಾನದ ಗಾತ್ರವಾಗಲಿ, ಅದರೊಳಗಿನ ಪ್ರಯಾಣಿಕರ ಸಂಖ್ಯೆಯಾಗಲಿ ಆಕಾಶದಲ್ಲಿ ಯಾರಿಗೂ ಹಕ್ಕು ಕೊಡುವುದಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಸಿಎಒ, ರೂಪಿಸಿದ ಹಾರಾಟದ ನಿಯಮಗಳ ಪ್ರಕಾರ ಎದುರುಬದುರಾಗಿ ಬರುವ ವಿಮಾನಗಳು ಎರಡೂ ತಮ್ಮ ತಮ್ಮ ಬಲಕ್ಕೆ ತಿರುಗಬೇಕು. ಅಡ್ಡಹಾದಿಯಲ್ಲಿ ಬರುವಾಗ ಯಾರಿಗೆ ಇನ್ನೊಂದು ವಿಮಾನ ಬಲಗಡೆ ಇರುತ್ತದೆಯೋ ಅವರು ದಾರಿ ಬಿಡಬೇಕು. ಹಿಂದಿನಿಂದ ಬಂದು ದಾಟುವವರು ಬಲಕ್ಕೆ ಸರಿದು ದಾಟಬೇಕು. ಇಳಿಯಲು ಬರುತ್ತಿರುವ ಎರಡರಲ್ಲಿ ಕೆಳಗಿರುವುದಕ್ಕೆ ಮೊದಲ ಅವಕಾಶ, ಆದರೆ ಆ ಅವಕಾಶವನ್ನೇ ನೆಪ ಮಾಡಿಕೊಂಡು ಅದು ಇನ್ನೊಂದರ ಮುಂದೆ ನುಗ್ಗುವಂತಿಲ್ಲ. ಈ ನಿಯಮಗಳಲ್ಲಿ ಎಲ್ಲಿಯೂ ‘ಪ್ರಯಾಣಿಕ ವಿಮಾನ’ ಎಂಬ ಮಾತು ಬರುವುದಿಲ್ಲ.

ಹಾಗಿದ್ದರೆ ನಿಮ್ಮ ಹೊಲದ ಮೇಲೆ ಸಣ್ಣ ವಿಮಾನವೇ ಏಕೆ ಕಾಯುತ್ತದೆ? ಏಕೆಂದರೆ ಅದನ್ನು ಕಾಯಿಸಿರುವವರು ನಿಲ್ದಾಣದ ಟವರ್‌ನಲ್ಲಿ ಕುಳಿತು ವಿಮಾನಗಳ ಸಂಚಾರವನ್ನು ನಿಯಂತ್ರಿಸುವ ಕಂಟ್ರೋಲರ್, ಮತ್ತು ಅವರ ಲೆಕ್ಕ ಹಕ್ಕಿನದ್ದಲ್ಲ, ವೇಗದ್ದು. ತರಬೇತಿಯ ಸೆಸ್ನಾ 172 ವಿಮಾನ ಇಳಿಯುವಾಗ ಸುಮಾರು 65 ನಾಟ್, ಅಂದರೆ ಗಂಟೆಗೆ ಸುಮಾರು 120 ಕಿ.ಮೀ. ವೇಗದಲ್ಲಿ ಬರುತ್ತದೆ. ಏರ್‌ಬಸ್ 320ರಂಥ ವಿಮಾನ ಸುಮಾರು 140 ನಾಟ್ ವೇಗದಲ್ಲಿ ಬರುತ್ತದೆ. ಸೆಸ್ನಾ ರನ್‌ವೇಯಿಂದ 2 ನಾಟಿಕಲ್ ಮೈಲಿ, ಅಂದರೆ ಸುಮಾರು 3.7 ಕಿ.ಮೀ. ದೂರದಲ್ಲಿದ್ದಾಗ ಏರ್‌ಬಸ್ 5 ನಾಟಿಕಲ್ ಮೈಲಿ ದೂರದಲ್ಲಿದೆ ಎಂದುಕೊಳ್ಳೋಣ. ನೋಡುವವರಿಗೆ ನಡುವೆ ಬೇಕಾದಷ್ಟು ಅಂತರವಿದೆ ಎನ್ನಿಸುತ್ತದೆ. ಆದರೆ ಸೆಸ್ನಾ ನೆಲ ಮುಟ್ಟಲು ಸುಮಾರು 110 ಸೆಕೆಂಡು ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಏರ್‌ಬಸ್ 4.3 ನಾಟಿಕಲ್ ಮೈಲಿ ಸಾಗಿ ರನ್‌ವೇಯ ಅಂಚಿಗೆ ಒಂದೂಕಾಲು ಕಿಲೋಮೀಟರಿನಷ್ಟು ಹತ್ತಿರ ಬಂದಿರುತ್ತದೆ. ಅದು ಅಂಚು ಮುಟ್ಟಲು ಇನ್ನು 20 ಸೆಕೆಂಡೂ ಇರುವುದಿಲ್ಲ, ಸೆಸ್ನಾ ಇನ್ನೂ ರನ್‌ವೇಯ ಮೇಲೆಯೇ ಓಡುತ್ತಿರುತ್ತದೆ. ಮುಂದಿನದು ರನ್‌ವೇ ಬಿಡುವ ತನಕ ಹಿಂದಿನದು ಅಂಚು ದಾಟಬಾರದು ಎಂಬ ನಿಯಮ ಮಾತ್ರ ಎಲ್ಲ ವಿಮಾನಗಳಿಗೂ ಸಮಾನವಾಗಿ ಅನ್ವಯಿಸುತ್ತದೆ; ಆದ್ದರಿಂದ ಏರ್‌ಬಸ್ ಮತ್ತೆ ಮೇಲೇರಿ ದೊಡ್ಡ ಸುತ್ತು ಹಾಕಿ ಬರಬೇಕಾಗುತ್ತದೆ. ಅದರ ಬದಲು ಸೆಸ್ನಾಕ್ಕೆ ಒಂದು ಪೂರ್ಣ ಸುತ್ತು ಹಾಕಲು ಹೇಳಿದರೆ, ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗುವ ಸಾಮಾನ್ಯ ತಿರುವಿನಲ್ಲಿ ಸರಿಯಾಗಿ 2 ನಿಮಿಷ ಕಳೆಯುತ್ತದೆ, ಅಷ್ಟರಲ್ಲಿ ಏರ್‌ಬಸ್ ರನ್‌ವೇಯ ಅಂಚಿಗೆ ಬಂದು ಇಳಿಯುವ ಹಂತದಲ್ಲಿರುತ್ತದೆ. ನೀವು ನೋಡುವ ಗಿರಕಿ ಅದೇ. ಪೈಲಟ್‌ಗಳ ಮಾತಿನಲ್ಲಿ ಅದಕ್ಕೆ ಆರ್ಬಿಟ್ ಎನ್ನುತ್ತಾರೆ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಸಣ್ಣ ವಿಮಾನಗಳು ಸಾಮಾನ್ಯವಾಗಿ ವಿಎಫ್‌ಆರ್ ಎಂಬ ದೃಶ್ಯ ಹಾರಾಟದ ನಿಯಮಗಳಡಿ ಹಾರುತ್ತವೆ, ಅಂದರೆ ಪೈಲಟ್ ಹೊರಗೆ ನೋಡಿ ದಾರಿಯನ್ನೂ ಇತರ ವಿಮಾನಗಳನ್ನೂ ಗಮನಿಸುತ್ತಾರೆ. ಪ್ರಯಾಣಿಕ ವಿಮಾನಗಳು ಐಎಫ್‌ಆರ್ ಎಂಬ ಉಪಕರಣ ಹಾರಾಟದ ನಿಯಮಗಳಡಿ, ಕಂಟ್ರೋಲರ್ ಕೊಟ್ಟ ಮಾರ್ಗ ಮತ್ತು ಎತ್ತರಕ್ಕೆ ಬದ್ಧವಾಗಿ ಬರುತ್ತವೆ. ಆಕಾಶ ಎಷ್ಟೇ ತಿಳಿಯಾಗಿದ್ದರೂ ಐಎಫ್‌ಆರ್ ವಿಮಾನ ಐಎಫ್‌ಆರ್ ಆಗಿಯೇ ಇರುತ್ತದೆ. ಸೂಕ್ತ ಉಪಕರಣಗಳೂ ಪರವಾನಗಿಯೂ ಇದ್ದರೆ ಸೆಸ್ನಾ ಕೂಡ ಐಎಫ್‌ಆರ್‌ನಲ್ಲಿ ಹಾರಬಹುದು. ವ್ಯತ್ಯಾಸ ಇರುವುದು ಒಪ್ಪಿಕೊಂಡ ನಿಯಮಗಳಲ್ಲಿ, ವಿಮಾನದಲ್ಲಲ್ಲ.

ಪ್ರಶ್ನೆ: ನನ್ನ ಮಗಳು ಪೈಲಟ್ ತರಬೇತಿಯಲ್ಲಿದ್ದಾಳೆ. ಒಬ್ಬಳೇ ಹಾರುವಾಗಲೂ ಟವರ್‌ನವರು, ಇಂಥ ದಿಕ್ಕಿನಲ್ಲಿ ಎಟಿಆರ್ ಎಂಬ ಪ್ರಯಾಣಿಕ ವಿಮಾನ ಬರುತ್ತಿದೆ, ಕಂಡರೆ ತಿಳಿಸಿ ಎನ್ನುತ್ತಾರಂತೆ. ನಿಯಂತ್ರಿತ ವಾಯುಪ್ರದೇಶ ಎಂದ ಮೇಲೆ ಎರಡನ್ನೂ ದೂರ ಇಡುವುದು ಟವರ್‌ನ ಕೆಲಸವಲ್ಲವೇ? ಆಕೆಗೆ ಕಾಣದಿದ್ದರೆ ಹೊಣೆ ಯಾರದು?
– ಬೆಳಗಾವಿ ಹಿಂದವಾಡಿಯ ತಾಯಿಯೊಬ್ಬರು

ಉತ್ತರ: ತಾಯಿಯಾಗಿ ನಿಮಗೆ ಮೂಡಿದ ಈ ಸಂಶಯ ತರಬೇತಿ ಪಡೆಯುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಮೂಡಬೇಕಾದದ್ದು. ನನ್ನ ಅಭಿಪ್ರಾಯದಲ್ಲಿ ಈ ಇಡೀ ವಿಷಯದಲ್ಲಿ ಅತ್ಯಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ: ಟವರ್ ಅನುಮತಿ ಕೊಟ್ಟಿದೆ ಎಂದರೆ ಟವರ್ ನಮ್ಮನ್ನು ಎಲ್ಲರಿಂದಲೂ ದೂರ ಇಡುತ್ತಿದೆ ಎಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ.

ಐಸಿಎಒ ವಾಯುಪ್ರದೇಶವನ್ನು ಎ ಯಿಂದ ಜಿ ವರೆಗೆ ಏಳು ವರ್ಗಗಳಾಗಿ ವಿಂಗಡಿಸಿದೆ. ನಮ್ಮ ದೇಶದಲ್ಲಿ ವಿಮಾನ ನಿಲ್ದಾಣಗಳ ಸುತ್ತಲಿನ ನಿಯಂತ್ರಣ ವಲಯಗಳನ್ನು ಸಾಮಾನ್ಯವಾಗಿ ಡಿ ವರ್ಗಕ್ಕೆ ಸೇರಿಸಲಾಗಿದೆ. ಡಿ ವರ್ಗದಲ್ಲಿ ಎರಡೂ ಬಗೆಯ ವಿಮಾನಗಳಿಗೆ ಪ್ರವೇಶವಿದೆ, ಎರಡೂ ರೇಡಿಯೋ ಸಂಪರ್ಕದಲ್ಲಿರಬೇಕು, ಎರಡೂ ಅನುಮತಿ ಪಡೆದೇ ಒಳಗೆ ಬರಬೇಕು, 10,000 ಅಡಿಗಿಂತ ಕೆಳಗೆ ಎರಡಕ್ಕೂ 250 ನಾಟ್ ವೇಗದ ಮಿತಿ ಇದೆ. ಆದರೆ ಕಂಟ್ರೋಲರ್ ನಿಗದಿತ ಅಂತರವನ್ನು ಕಾಯ್ದುಕೊಡುವುದು ಒಂದು ಐಎಫ್‌ಆರ್ ವಿಮಾನಕ್ಕೂ ಇನ್ನೊಂದು ಐಎಫ್‌ಆರ್ ವಿಮಾನಕ್ಕೂ ನಡುವೆ ಮಾತ್ರ. ಐಎಫ್‌ಆರ್ ಮತ್ತು ವಿಎಫ್‌ಆರ್ ನಡುವೆ, ಹಾಗೆಯೇ ಎರಡು ವಿಎಫ್‌ಆರ್ ವಿಮಾನಗಳ ನಡುವೆ, ಅವರು ಕೊಡಬೇಕಾದದ್ದು ಮಾಹಿತಿಯನ್ನು: ಇಂಥ ದಿಕ್ಕಿನಲ್ಲಿ, ಇಷ್ಟು ದೂರದಲ್ಲಿ, ಇಷ್ಟು ಎತ್ತರದಲ್ಲಿ ಇಂಥ ವಿಮಾನವಿದೆ ಎಂದು. ಅದನ್ನು ಕಣ್ಣಿಂದ ಹುಡುಕಿ ದೂರ ಉಳಿಯುವುದು ಪೈಲಟ್‌ನ ಹೊಣೆ. ಇದು ನಿಮ್ಮ ಮಗಳಿಗಷ್ಟೇ ಅಲ್ಲ, ಎಟಿಆರ್‌ನ ಕ್ಯಾಪ್ಟನ್‌ಗೂ ಅನ್ವಯಿಸುತ್ತದೆ. ಅವರಿಗೂ ನಿಮ್ಮ ಮಗಳ ವಿಮಾನದ ಬಗ್ಗೆ ಅದೇ ಬಗೆಯ ಮಾಹಿತಿ ಹೋಗುತ್ತದೆ.

ಕಾಣದಿದ್ದರೆ ಏನು ಮಾಡಬೇಕು ಎಂಬುದಕ್ಕೆ ನಿಯಮದಲ್ಲಿಯೇ ಉತ್ತರವಿದೆ, ಆದರೆ ಅದನ್ನು ಬಳಸುವವರು ಕಡಿಮೆ. ಡಿ ವರ್ಗದಲ್ಲಿ ಪೈಲಟ್ ಕೇಳಿದರೆ ಕಂಟ್ರೋಲರ್ ತಪ್ಪಿಸಿಕೊಳ್ಳುವ ಸಲಹೆಯನ್ನೂ ಕೊಡಬೇಕು. ಆದ್ದರಿಂದ ‘ಕಾಣುತ್ತಿಲ್ಲ’ ಎಂದು ಸ್ಪಷ್ಟವಾಗಿ ಹೇಳಿ ಸಲಹೆ ಕೇಳುವುದು ಸಂಕೋಚದ ವಿಷಯವಲ್ಲ. ಹೊಸ ಪೈಲಟ್‌ಗಳು ಮಾಡುವ ಅತಿ ಅಪಾಯದ ಕೆಲಸವೆಂದರೆ, ಬೋಧಕರು ಏನೆಂದುಕೊಳ್ಳುತ್ತಾರೋ ಎಂಬ ಅಳುಕಿನಿಂದ ಅಸ್ಪಷ್ಟವಾಗಿ ಏನನ್ನೋ ಕಂಡು ‘ಕಂಡಿತು’ ಎಂದುಬಿಡುವುದು. ಆ ಒಂದು ಮಾತು ರೇಡಿಯೋದಲ್ಲಿ ಹೋದ ಕೂಡಲೇ ಕಂಟ್ರೋಲರ್ ತಮ್ಮ ಗಮನವನ್ನು ಮುಂದಿನ ವಿಮಾನದ ಕಡೆಗೆ ಹರಿಸುತ್ತಾರೆ.

ಇದು ಎಳೆಯರಿಗಷ್ಟೇ ಆಗುವ ಎಡವಟ್ಟು ಎಂದು ತಿಳಿಯಬಾರದು. 1978ರ ಸೆಪ್ಟೆಂಬರ್ 25ರ ಬೆಳಿಗ್ಗೆ ಅಮೆರಿಕದ ಸ್ಯಾನ್ ಡಿಯೇಗೋ ನಗರದ ಮೇಲೆ, ಆಕಾಶ ನಿಚ್ಚಳವಾಗಿದ್ದಾಗಲೇ, ಇಳಿಯಲು ಬರುತ್ತಿದ್ದ ಪಿಎಸ್‌ಎ ಕಂಪನಿಯ ಬೋಯಿಂಗ್ 727 ವಿಮಾನ ತನ್ನ ಮುಂದೆ ಹಾರುತ್ತಿದ್ದ ಸೆಸ್ನಾ 172ಕ್ಕೆ ಅಪ್ಪಳಿಸಿತು. ಸೆಸ್ನಾದ ಬಗ್ಗೆ ಕಂಟ್ರೋಲರ್ ಮೊದಲೇ ತಿಳಿಸಿದ್ದರು, ಬೋಯಿಂಗ್‌ನ ಅನುಭವಿ ಸಿಬ್ಬಂದಿ ಅದು ಕಂಡಿದೆ ಎಂದು ಉತ್ತರಿಸಿದ್ದರು. ನಂತರ ಅದು ಕಣ್ಣಿಗೆ ತಪ್ಪಿತು. ಹಿಂದೆ ಹೋಗಿರಬೇಕು ಎಂದು ಅವರು ಭಾವಿಸಿದರೇ ಹೊರತು, ಈಗ ಕಾಣುತ್ತಿಲ್ಲ ಎಂದು ಖಚಿತವಾಗಿ ತಿಳಿಸಲಿಲ್ಲ. ನಿಯಂತ್ರಣ ಕೇಂದ್ರದಲ್ಲಿ ಡಿಕ್ಕಿಯ ಎಚ್ಚರಿಕೆಯೂ ಮೊಳಗಿತ್ತು, ಆದರೆ ವಿಮಾನ ಕಂಡಿದೆ ಎಂಬ ಉತ್ತರ ಬಂದಿದ್ದರಿಂದ ಅದಕ್ಕೆ ಮಹತ್ವ ಸಿಗಲಿಲ್ಲ. ನೆಲದ ಮೇಲಿದ್ದ 7 ಮಂದಿಯೂ ಸೇರಿ 144 ಜನ ಸತ್ತರು. ಕಂಡದ್ದು ಮತ್ತೆ ಕಾಣದಾದರೆ ಆ ಕ್ಷಣವೇ ಹೇಳಬೇಕು ಎಂಬ ಪಾಠವನ್ನು ನಿಮ್ಮ ಮಗಳ ಬೋಧಕರು ಈ ದುರಂತದ ಆಧಾರದ ಮೇಲೆಯೇ ಕಲಿಸುತ್ತಿರಬಹುದು.

ಕಣ್ಣಿನ ಮಿತಿಯನ್ನೂ ಲೆಕ್ಕದಲ್ಲಿ ನೋಡಿ. 90 ನಾಟ್ ವೇಗದ ಸೆಸ್ನಾ, 200 ನಾಟ್ ವೇಗದ ಎಟಿಆರ್ ಎದುರುಬದುರಾದರೆ ಅವು ಸೆಕೆಂಡಿಗೆ ಸುಮಾರು 150 ಮೀಟರಿನಂತೆ ಹತ್ತಿರವಾಗುತ್ತವೆ. ಒಂದು ವಸ್ತುವನ್ನು ಕಂಡು, ಅದು ವಿಮಾನವೆಂದು ಗುರುತಿಸಿ, ಡಿಕ್ಕಿಯಾಗುತ್ತದೆಂದು ಅರಿತು, ತೀರ್ಮಾನಿಸಿ, ಕೈ ಆಡಿಸಿ, ವಿಮಾನ ತಿರುಗುವ ತನಕ ಒಟ್ಟು 12.5 ಸೆಕೆಂಡು ಬೇಕೆಂದು ವಿಮಾನಯಾನದಲ್ಲಿ ಲೆಕ್ಕ ಹಿಡಿಯುವುದು ರೂಢಿ. ಅಂದರೆ ಕನಿಷ್ಠ 1.9 ಕಿ.ಮೀ. ದೂರದಲ್ಲಿಯೇ ಕಂಡಿರಬೇಕು. ಆ ದೂರದಿಂದ 11 ಮೀಟರ್ ರೆಕ್ಕೆಯ ಸೆಸ್ನಾ ಎಟಿಆರ್ ಪೈಲಟ್‌ಗೆ ಹುಣ್ಣಿಮೆಯ ಚಂದ್ರನ ಅಗಲದ ಮೂರನೇ ಎರಡರಷ್ಟು ಉದ್ದದ ಒಂದು ತೆಳುಗೆರೆಯಾಗಿ ಕಾಣುತ್ತದೆ, ಅಷ್ಟೇ. ಇದಕ್ಕೆ ಸೇರಿಕೊಳ್ಳುವ ಇನ್ನೊಂದು ತೊಡಕು ಎಂದರೆ, ನಿಜವಾಗಿ ಡಿಕ್ಕಿಯಾಗುವ ಹಾದಿಯಲ್ಲಿರುವ ವಿಮಾನ ಗಾಜಿನ ಮೇಲೆ ಅಲುಗಾಡುವುದೇ ಇಲ್ಲ. ಒಂದೇ ಜಾಗದಲ್ಲಿ ಚುಕ್ಕೆಯಾಗಿ ನಿಂತು, ಕೊನೆಯ ಕೆಲವು ಸೆಕೆಂಡುಗಳಲ್ಲಿ ಒಮ್ಮೆಲೇ ದೊಡ್ಡದಾಗುತ್ತದೆ. ನಮ್ಮ ಕಣ್ಣು ಚಲನೆಯನ್ನು ಬೇಗ ಹಿಡಿಯುತ್ತದೆ, ನಿಂತ ಚುಕ್ಕೆಯನ್ನು ಬಿಟ್ಟುಬಿಡುತ್ತದೆ. ಹೀಗಾಗಿ ಆಕಾಶವನ್ನು ಒಮ್ಮೆಲೇ ಸವರಿ ನೋಡದೆ, 10 ಡಿಗ್ರಿಯಷ್ಟು ಅಗಲದ ತುಂಡು ತುಂಡಾಗಿ, ಪ್ರತಿ ತುಂಡಿನಲ್ಲಿಯೂ ಕನಿಷ್ಠ ಒಂದು ಸೆಕೆಂಡು ನಿಲ್ಲಿಸಿ ನೋಡಲು ಕಲಿಸುತ್ತಾರೆ. ಸೆಸ್ನಾದಂಥ ಮೇಲ್ರೆಕ್ಕೆಯ ವಿಮಾನ ತಿರುಗುವಾಗ ಒಳಬದಿಯ ರೆಕ್ಕೆ ಕೆಳಗೆ ಬಾಗಿ, ತಿರುಗಬೇಕಾದ ದಿಕ್ಕನ್ನೇ ಮುಚ್ಚಿಬಿಡುತ್ತದೆ. ರನ್‌ವೇಗೆ ಸಮಾನಾಂತರವಾಗಿ ಸಾಗುವ ಡೌನ್‌ವಿಂಡ್ ಎಂಬ ಹಾದಿಯಿಂದ, ರನ್‌ವೇಯ ಕಡೆಗೆ ಅಡ್ಡಲಾಗಿ ಬರುವ ಬೇಸ್ ಎಂಬ ಹಾದಿಗೆ ತಿರುಗುವ ಮುನ್ನ ಆ ರೆಕ್ಕೆಯನ್ನು ಒಂದಿಷ್ಟು ಮೇಲೆತ್ತಿ, ದೂರದಿಂದ ನೇರವಾಗಿ ಇಳಿಯಲು ಬರುವವರು ಯಾರಾದರೂ ಇದ್ದಾರೆಯೇ ಎಂದು ನೋಡಿಯೇ ತಿರುಗಬೇಕು. ಐಎಫ್‌ಆರ್ ವಿಮಾನ ಬರುವುದು ಸರಿಯಾಗಿ ಆ ದಿಕ್ಕಿನಿಂದಲೇ.

ನೀವು ಗಾಬರಿಯಾಗಬೇಕೆಂದು ಇದನ್ನೆಲ್ಲ ಬರೆದದ್ದಲ್ಲ. ಕಾನೂನು ಹೇಳಿದ್ದಕ್ಕಿಂತ ಹೆಚ್ಚನ್ನೇ ಕಂಟ್ರೋಲರ್‌ಗಳು ದಿನವೂ ಮಾಡುತ್ತಾರೆ: ರನ್‌ವೇಯ ಉತ್ತರಕ್ಕೇ ಇರಿ, ಇಷ್ಟು ಅಡಿಗಿಂತ ಮೇಲೇರಬೇಡಿ, ಡೌನ್‌ವಿಂಡ್ ಮುಂದುವರಿಸಿ, ನಿಮ್ಮದು ಎರಡನೇ ಸರದಿ ಎಂಬ ಸೂಚನೆಗಳಿಂದ ಎರಡು ಹಾದಿಗಳು ಕೂಡದಂತೆ ಮೊದಲೇ ಜೋಡಿಸಿರುತ್ತಾರೆ. ಸಾಂಬ್ರಾದ ನೆಲ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರದಲ್ಲಿದೆ. ಸುತ್ತು ಹಾಕುವ ಸಣ್ಣ ವಿಮಾನ ನೆಲದಿಂದ 1,000 ಅಡಿ ಮೇಲೆ ಎಂದರೆ 3,500 ಅಡಿಯಲ್ಲಿ ಇರುತ್ತದೆ. ಅದು ಅಲ್ಲಿಯೇ ಇದ್ದರೆ ಎಲ್ಲರ ಲೆಕ್ಕವೂ ಸರಿಹೋಗುತ್ತದೆ.

ಪ್ರಶ್ನೆ: ಬಿ ಮತ್ತು ಸಿ ವರ್ಗದ ವಾಯುಪ್ರದೇಶದಲ್ಲಿ ವಿಎಫ್‌ಆರ್ ವಿಮಾನವನ್ನೂ ಕಂಟ್ರೋಲರ್‌ಗಳೇ ದೂರ ಇಡುತ್ತಾರೆಂದು ಓದಿದ್ದೇನೆ. ಎಲ್ಲ ಕಡೆಯೂ ಅದನ್ನೇ ಮಾಡಿದರೆ ಸಮಸ್ಯೆಯೇ ಇರುವುದಿಲ್ಲವಲ್ಲ?
– ಬಾಗಲಕೋಟೆಯ ಎಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ನೀವು ಓದಿದ್ದು ಸರಿ. ಸಿ ವರ್ಗದಲ್ಲಿ ಐಎಫ್‌ಆರ್ ಮತ್ತು ವಿಎಫ್‌ಆರ್ ನಡುವೆಯೂ ಅಂತರ ಕಾಯ್ದುಕೊಡಲಾಗುತ್ತದೆ, ಬಿ ವರ್ಗದಲ್ಲಿ ಎಲ್ಲರಿಂದ ಎಲ್ಲರನ್ನೂ ಬೇರ್ಪಡಿಸಲಾಗುತ್ತದೆ, ಎ ವರ್ಗದಲ್ಲಿ ವಿಎಫ್‌ಆರ್‌ಗೆ ಪ್ರವೇಶವೇ ಇಲ್ಲ. ಆದರೆ ಅಂತರ ಎನ್ನುವುದು ಪುಕ್ಕಟೆಯಾಗಿ ಸಿಗುವ ವಸ್ತುವಲ್ಲ. ರೇಡಾರ್ ಇಲ್ಲದೆ ಪೈಲಟ್ ಹೇಳಿದ ಸ್ಥಾನವನ್ನಷ್ಟೇ ನಂಬಿ ಕೆಲಸ ಮಾಡುವಾಗ ಅಂತರವನ್ನು ನಿಮಿಷಗಳಲ್ಲಿ ಅಳೆಯಬೇಕಾಗುತ್ತದೆ, ಒಂದರ ಹಿಂದೊಂದು ಬರುವವಕ್ಕೆ 10 ನಿಮಿಷ ಎಂಬಂತೆ; ಮೇಲೆ ಕೆಳಗೆ ಎಂದರೆ 1,000 ಅಡಿ. ರೇಡಾರ್ ಇದ್ದರೂ ಸಾಮಾನ್ಯ ಅಂತರ 5 ನಾಟಿಕಲ್ ಮೈಲಿ. ರನ್‌ವೇಯ ಪಕ್ಕದಲ್ಲಿಯೇ ಸುತ್ತುತ್ತಿರುವ ತರಬೇತಿ ವಿಮಾನಕ್ಕೆ ಈ ಅಳತೆಗಳನ್ನು ಹಾಕಿದರೆ, ಒಂದು ಐಎಫ್‌ಆರ್ ವಿಮಾನ ಬರುವಾಗಲೆಲ್ಲ ತರಬೇತಿಯನ್ನು ಸಂಪೂರ್ಣ ನಿಲ್ಲಿಸಬೇಕಾಗುತ್ತದೆ. ದಿನಕ್ಕೆ ಕೆಲವೇ ಪ್ರಯಾಣಿಕ ವಿಮಾನಗಳು ಬರುವ ನಿಲ್ದಾಣದಲ್ಲಿ ಇದು ಅತಿಯಾದ ಬೆಲೆ ಎಂದು ನನಗನ್ನಿಸುತ್ತದೆ. ಅದೇ ನಿಲ್ದಾಣದಲ್ಲಿ ಗಂಟೆಗೊಂದರಂತೆ ಜೆಟ್‌ಗಳು ಬರತೊಡಗಿದರೆ, ತರಬೇತಿಯ ವೇಳೆಯನ್ನೇ ಬೇರ್ಪಡಿಸುವುದು ಸೂಕ್ತ.

ವರ್ಗ ಬದಲಿಸಿದರೆ ಸಾಕು ಎಂಬುದೂ ಪೂರ್ತಿ ನಿಜವಲ್ಲ. 1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ಸಮೀಪದ ಸೆರಿಟೋಸ್ ಎಂಬಲ್ಲಿ, ಅನುಮತಿ ಇಲ್ಲದೆ ನಿರ್ಬಂಧಿತ ನಿಯಂತ್ರಣ ಪ್ರದೇಶದೊಳಗೆ ನುಸುಳಿದ ಪೈಪರ್ ವಿಮಾನವೊಂದು ಏರೋಮೆಕ್ಸಿಕೋದ ಡಿಸಿ–9 ಪ್ರಯಾಣಿಕ ವಿಮಾನಕ್ಕೆ ಡಿಕ್ಕಿ ಹೊಡೆದು 82 ಜನ ಸತ್ತರು. ಕಾಗದದ ಮೇಲೆ ಆ ಪ್ರದೇಶ ಬಿಗಿಯಾಗಿಯೇ ಇತ್ತು. ಆ ಸಣ್ಣ ವಿಮಾನ ತನ್ನ ಎತ್ತರವನ್ನು ರೇಡಾರ್‌ಗೆ ತಿಳಿಸುತ್ತಿರಲಿಲ್ಲ. ಇದಾದ ಮೇಲೆ ಅಮೆರಿಕ ಪ್ರಯಾಣಿಕ ವಿಮಾನಗಳಲ್ಲಿ ಟಿಕಾಸ್ ಎಂಬ ಡಿಕ್ಕಿ ತಪ್ಪಿಸುವ ಸಾಧನವನ್ನು ಕಡ್ಡಾಯ ಮಾಡಿತು. ಭಾರತದಲ್ಲಿ ಅದು ಕಡ್ಡಾಯವಾಗಲು 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನಗಳು ಡಿಕ್ಕಿಯಾದ ದುರಂತ ಕಾರಣವಾಯಿತು; ಅಲ್ಲಿ ಸತ್ತ 349 ಜನ ಇದ್ದದ್ದು ಎರಡು ಐಎಫ್‌ಆರ್ ವಿಮಾನಗಳಲ್ಲಿ, ಅದೂ ಕಂಟ್ರೋಲರ್ ಅಂತರ ಕಾಯುತ್ತಿದ್ದ ಪ್ರದೇಶದಲ್ಲಿ.

ಟಿಕಾಸ್ ಇನ್ನೊಂದು ವಿಮಾನದ ಟ್ರಾನ್ಸ್‌ಪಾಂಡರ್ (ಕೇಳಿದ ಸಂಕೇತಕ್ಕೆ ತಾನಾಗಿಯೇ ರೇಡಿಯೋ ಉತ್ತರ ಕಳಿಸುವ ಸಾಧನ) ಕೊಡುವ ಉತ್ತರವನ್ನು ಕೇಳಿ ಕೆಲಸ ಮಾಡುತ್ತದೆ. ಸೆಸ್ನಾದ ಟ್ರಾನ್ಸ್‌ಪಾಂಡರ್ ಆಫ್ ಆಗಿದ್ದರೆ ಎಟಿಆರ್‌ನ ಟಿಕಾಸ್‌ಗೆ ಅದು ಅಸ್ತಿತ್ವದಲ್ಲಿಯೇ ಇಲ್ಲ. ಆನ್ ಇದ್ದು ಎತ್ತರ ತಿಳಿಸದಿದ್ದರೆ ಎಚ್ಚರಿಕೆ ಬರುತ್ತದೆ, ಏರು ಅಥವಾ ಇಳಿ ಎಂಬ ಆದೇಶ ಬರುವುದಿಲ್ಲ. ಹಾಗಾಗಿ ಹಾರುವ ಮುನ್ನ ಆ ಸ್ವಿಚ್ಚನ್ನು ಎತ್ತರ ತಿಳಿಸುವ ಸ್ಥಾನಕ್ಕೆ ತಿರುಗಿಸುವುದು ತರಬೇತಿ ಪೈಲಟ್‌ಗಳು ಮರೆಯಬಾರದ ಕೆಲಸ.

ಪ್ರಶ್ನೆ: ಬೆಳಗಾವಿಯಿಂದ ಬಾಗಲಕೋಟೆಯ ಕಡೆಗೆ ಸಣ್ಣ ವಿಮಾನ ಬರುವಾಗ ಯಾವ ಎತ್ತರದಲ್ಲಿ ಬರಬೇಕೆಂದು ಯಾರು ನಿರ್ಧರಿಸುತ್ತಾರೆ?
– ಮುಧೋಳದ ಓದುಗರು

ಉತ್ತರ: ದಿಕ್ಕೇ ನಿರ್ಧರಿಸುತ್ತದೆ. ನೆಲದಿಂದ 3,000 ಅಡಿಗಿಂತ ಮೇಲೆ ಸಮತಟ್ಟಾಗಿ ಹಾರುವ ವಿಎಫ್‌ಆರ್ ವಿಮಾನಗಳು, ಪೂರ್ವದ ಅರ್ಧವೃತ್ತದ ಕಡೆಗೆ ಹೋಗುವಾಗ ಬೆಸ ಸಾವಿರಕ್ಕೆ 500 ಅಡಿ ಸೇರಿಸಿದ ಎತ್ತರವನ್ನೂ, ಪಶ್ಚಿಮದ ಕಡೆಗೆ ಹೋಗುವಾಗ ಸಮ ಸಾವಿರಕ್ಕೆ 500 ಸೇರಿಸಿದ ಎತ್ತರವನ್ನೂ ಆರಿಸಿಕೊಳ್ಳುತ್ತವೆ. ಬೆಳಗಾವಿಯಿಂದ ಸುಮಾರು 120 ಕಿ.ಮೀ. ನೇರ ದೂರದಲ್ಲಿರುವ ಬಾಗಲಕೋಟೆ ಪೂರ್ವಕ್ಕಿರುವುದರಿಂದ ಬರುವಾಗ ಸಮುದ್ರಮಟ್ಟದಿಂದ 5,500 ಅಥವಾ 7,500 ಅಡಿ, ಮರಳುವಾಗ 6,500 ಅಥವಾ 8,500 ಅಡಿ ಎಂದಾಗುತ್ತದೆ. ಐಎಫ್‌ಆರ್ ವಿಮಾನಗಳು 5,000, 6,000, 7,000 ಎಂಬ ಪೂರ್ಣ ಸಾವಿರಗಳಲ್ಲಿ ಹಾರುವುದರಿಂದ, ಯಾರೂ ಯಾರೊಂದಿಗೂ ಮಾತಾಡದಿದ್ದರೂ ಎರಡು ಬಗೆಯ ಸಂಚಾರದ ನಡುವೆ 500 ಅಡಿ ತಾನಾಗಿಯೇ ಉಳಿಯುತ್ತದೆ. ಇಬ್ಬರೂ ಎತ್ತರಮಾಪಕಕ್ಕೆ ಒಂದೇ ಒತ್ತಡದ ಅಂಕಿಯನ್ನು ಹಾಕಿಕೊಂಡಿರಬೇಕು ಎಂಬುದು ಇದರ ಷರತ್ತು. ಆ ಅಂಕಿಯಲ್ಲಿ ಒಂದು ಹೆಕ್ಟೊಪ್ಯಾಸ್ಕಲ್ (ಒತ್ತಡದ ಮಾನ) ತಪ್ಪಿದರೆ ಎತ್ತರದಲ್ಲಿ ಸುಮಾರು 30 ಅಡಿ ತಪ್ಪುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಮೋಡ ಕವಿದಾಗ ತರಬೇತಿ ವಿಮಾನಗಳು ನಿಲ್ಲುತ್ತವೆ, ಪ್ರಯಾಣಿಕ ವಿಮಾನಗಳು ಮಾತ್ರ ಬರುತ್ತವೆ. ಎಷ್ಟು ಮೋಡ ಬಂದರೆ ನಿಲ್ಲಿಸಬೇಕೆಂಬ ಅಳತೆ ಇದೆಯೇ?
– ಗೋಕಾಕದ ನಿವೃತ್ತ ಶಿಕ್ಷಕರು

ಉತ್ತರ: ಖಚಿತವಾದ ಅಳತೆ ಇದೆ. ಡಿ ವರ್ಗದಲ್ಲಿ 10,000 ಅಡಿಗಿಂತ ಕೆಳಗೆ ಹಾರುವ ವಿಎಫ್‌ಆರ್ ಪೈಲಟ್‌ಗೆ ಕನಿಷ್ಠ 5 ಕಿ.ಮೀ. ದೂರ ಕಾಣಬೇಕು, ಮೋಡದಿಂದ ಅಡ್ಡಲಾಗಿ 1,500 ಮೀಟರ್, ಮೇಲೆ ಕೆಳಗೆ 300 ಮೀಟರ್ ದೂರ ಇರಬೇಕು. ಮೋಡದ ತಳ 1,500 ಅಡಿಗಿಂತ ಕೆಳಗಿಳಿದರೆ ಅಥವಾ ನೆಲದ ಗೋಚರತೆ 5 ಕಿ.ಮೀ.ಗಿಂತ ಕಡಿಮೆಯಾದರೆ, ವಿಶೇಷ ಅನುಮತಿ ಇಲ್ಲದೆ ನಿಯಂತ್ರಣ ವಲಯದ ನಿಲ್ದಾಣದಲ್ಲಿ ವಿಎಫ್‌ಆರ್ ವಿಮಾನ ಏರುವಂತಿಲ್ಲ, ಇಳಿಯುವಂತಿಲ್ಲ. ಮೋಡದಿಂದ ದೂರ ಇರಬೇಕೆಂಬ ನಿಯಮ ಸಣ್ಣ ವಿಮಾನದ ಹಿತಕ್ಕಷ್ಟೇ ಇರುವುದಲ್ಲ. ಮೋಡದೊಳಗಿಂದ ಐಎಫ್‌ಆರ್ ವಿಮಾನ ಯಾವ ಕ್ಷಣದಲ್ಲಾದರೂ ಹೊರಬರಬಹುದು. ಹೊರಬಂದಾಗ ಇಬ್ಬರಿಗೂ ಒಬ್ಬರನ್ನೊಬ್ಬರು ಕಾಣಲು ಕೆಲವು ಸೆಕೆಂಡುಗಳಾದರೂ ಸಿಗಬೇಕು. ಮೋಡದ ಅಂಚನ್ನು ಸವರಿಕೊಂಡು ಹಾರುವವರು ಆ ಸೆಕೆಂಡುಗಳನ್ನು ಕಸಿದುಕೊಳ್ಳುತ್ತಾರೆ.

ಹವೆ ಕೆಟ್ಟಾಗ ಸಣ್ಣ ವಿಮಾನವೊಂದು ಹೊರಗೆ ಸಿಕ್ಕಿಬಿದ್ದರೆ ವಿಶೇಷ ವಿಎಫ್‌ಆರ್ ಎಂಬ ಅನುಮತಿಯಡಿ ಒಳಗೆ ಕರೆದುಕೊಳ್ಳುವ ದಾರಿ ಇದೆ. ಆಗ 1,500 ಮೀಟರ್ ಗೋಚರತೆ ಸಾಕು. ಇದರಲ್ಲೊಂದು ಸ್ವಾರಸ್ಯವಿದೆ. ತಿಳಿ ಆಕಾಶದಲ್ಲಿ ಮಾಹಿತಿಯನ್ನಷ್ಟೇ ಕೊಡುತ್ತಿದ್ದ ಕಂಟ್ರೋಲರ್, ವಿಶೇಷ ವಿಎಫ್‌ಆರ್ ವಿಮಾನಕ್ಕೂ ಐಎಫ್‌ಆರ್ ವಿಮಾನಕ್ಕೂ ನಡುವೆ ಅಂತರ ಕಾಯಲೇಬೇಕಾಗುತ್ತದೆ. ಆದ್ದರಿಂದಲೇ ಆ ಅನುಮತಿ ಸಂಚಾರ ಕಡಿಮೆ ಇದ್ದಾಗ ಮಾತ್ರ ಸಿಗುತ್ತದೆ, ಒಂದು ವಿಮಾನ ಇಳಿದ ಮೇಲೆಯೇ ಇನ್ನೊಂದಕ್ಕೆ ಎಂಬಂತೆ. ಮೋಡ ಬರುವುದನ್ನು ಕಂಡ ಕೂಡಲೇ ಮರಳುವ ಪೈಲಟ್ ಎಲ್ಲರ ಕೆಲಸವನ್ನೂ ಹಗುರ ಮಾಡುತ್ತಾರೆ. ರಾತ್ರಿಯ ವಿಎಫ್‌ಆರ್‌ಗೂ ನಮ್ಮಲ್ಲಿ ನಿರ್ಬಂಧವಿದೆ. ಸ್ಥಳೀಯ ಮತ್ತು ತರಬೇತಿ ಹಾರಾಟಗಳಿಗೆ ಕಂಟ್ರೋಲರ್ ಒಪ್ಪಿದರೆ ಮಾತ್ರ ವಿನಾಯಿತಿ.

ಪ್ರಶ್ನೆ: ವಿಜಯಪುರಕ್ಕೆ ಮದಭಾವಿಯ ಹತ್ತಿರ ವಿಮಾನ ನಿಲ್ದಾಣ ಬರುತ್ತಿದೆ. ನಿಯಂತ್ರಣ ವಲಯವಿಲ್ಲದ ಕಡೆ ಸಣ್ಣ ವಿಮಾನಗಳಿಗೆ ಯಾವ ನಿಯಮ?
– ವಿಜಯಪುರದ ಓದುಗರು

ಉತ್ತರ: ನಿಯಂತ್ರಣ ವಲಯ, ಮಾರ್ಗ ಯಾವುದೂ ಇಲ್ಲದ ಕಡೆ ಕೆಳ ಆಕಾಶ ಸಾಮಾನ್ಯವಾಗಿ ಜಿ ವರ್ಗದ್ದಾಗಿರುತ್ತದೆ. ಅಲ್ಲಿ ಯಾರಿಗೂ ಅಂತರ ಕಾಯ್ದುಕೊಡುವವರಿಲ್ಲ, ಐಎಫ್‌ಆರ್ ವಿಮಾನಕ್ಕೂ ಸಿಗುವುದು ಮಾಹಿತಿ ಮಾತ್ರ. ನೋಡು, ಕಾಣಿಸಿಕೋ ಎಂಬುದೇ ಅಲ್ಲಿನ ನಿಯಮ.

ಪ್ರಶ್ನೆ: ದೊಡ್ಡ ವಿಮಾನ ಹಾರಿಹೋಗಿ ರನ್‌ವೇ ಖಾಲಿಯಾದ ಮೇಲೂ ಸಣ್ಣ ವಿಮಾನವನ್ನು ತುದಿಯಲ್ಲಿ ನಿಲ್ಲಿಸಿಕೊಂಡಿರುತ್ತಾರೆ. ಸುಮ್ಮನೆ ಇಂಧನ ವ್ಯರ್ಥವಲ್ಲವೇ?
– ಜಮಖಂಡಿಯ ವಿದ್ಯಾರ್ಥಿನಿ

ಉತ್ತರ: ರನ್‌ವೇ ಖಾಲಿಯಾಗಿದೆ, ಗಾಳಿ ಖಾಲಿಯಾಗಿಲ್ಲ. ರೆಕ್ಕೆ ವಿಮಾನವನ್ನು ಎತ್ತುವಾಗ ಅದರ ಎರಡೂ ತುದಿಗಳಿಂದ ಸುರುಳಿ ಗಾಳಿ ಹೊರಡುತ್ತದೆ. ವಿಮಾನ ಭಾರವಾಗಿದ್ದಷ್ಟೂ, ನಿಧಾನವಾಗಿದ್ದಷ್ಟೂ ಆ ಸುಳಿ ಬಲವಾಗಿರುತ್ತದೆ. 7 ಟನ್‌ವರೆಗಿನ ವಿಮಾನ ಹಗುರ, ಅಲ್ಲಿಂದ 136 ಟನ್‌ಗಿಂತ ಕೆಳಗಿನದು ಮಧ್ಯಮ, ಅದಕ್ಕೆ ಮೇಲ್ಪಟ್ಟದ್ದು ಭಾರಿ ಎಂಬ ವಿಂಗಡಣೆ ಇದೆ. ಸೆಸ್ನಾ 172 ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು, ಎಟಿಆರ್ 72 ಸುಮಾರು 23 ಟನ್, ಏರ್‌ಬಸ್ 320 ಸುಮಾರು 78 ಟನ್. ಮಧ್ಯಮ ವಿಮಾನ ಹಾರಿದ ಮೇಲೆ ಅದೇ ಜಾಗದಿಂದ ಹಗುರ ವಿಮಾನ ಹಾರಲು 2 ನಿಮಿಷ ಕಾಯಬೇಕು, ನಡುರನ್‌ವೇಯಿಂದ ಹಾರುವುದಾದರೆ 3 ನಿಮಿಷ.

ಇಳಿಯುವಾಗ ಮಾತ್ರ ಹೊಣೆ ಬೇರೆಯವರ ಹೆಗಲಿಗೆ ಹೋಗುತ್ತದೆ. ದೊಡ್ಡ ವಿಮಾನದ ಹಿಂದೆ ಇಳಿಯುವ ವಿಎಫ್‌ಆರ್ ವಿಮಾನಕ್ಕೆ ಕಂಟ್ರೋಲರ್ ಸುಳಿಗಾಳಿಯ ಅಂತರ ಕಾಯಬೇಕಾಗಿಲ್ಲ; ಎಚ್ಚರಿಕೆ ಹೇಳಿದರೆ ಅವರ ಕರ್ತವ್ಯ ಮುಗಿಯಿತು. ಆಗ ಪೈಲಟ್ ದೊಡ್ಡ ವಿಮಾನ ಬಂದ ಹಾದಿಗಿಂತ ಮೇಲೆಯೇ ಇದ್ದು, ಅದು ಚಕ್ರ ಊರಿದ ಜಾಗವನ್ನು ದಾಟಿ ಇಳಿಯಬೇಕು, ಏಕೆಂದರೆ ಸುಳಿ ಕೆಳಕ್ಕೆ ಇಳಿಯುತ್ತದೆಯೇ ಹೊರತು ಮೇಲೇರುವುದಿಲ್ಲ, ಮತ್ತು ಚಕ್ರ ನೆಲ ಮುಟ್ಟಿದ ಮೇಲೆ ಹೊಸ ಸುಳಿ ಹುಟ್ಟುವುದಿಲ್ಲ. ಸಾಂಬ್ರಾದ 2,300 ಮೀಟರ್ ರನ್‌ವೇ ಸೆಸ್ನಾಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಉದ್ದ. ಮುಂದೆ ಹೋಗಿ ಇಳಿಯುವುದರಿಂದ ನಷ್ಟವೇನೂ ಇಲ್ಲ.

ಪ್ರಶ್ನೆ: ಸಾಂಬ್ರಾದ ಹತ್ತಿರದ ಮಂಗಲ ಕಾರ್ಯಾಲಯದಲ್ಲಿ ಮದುವೆಗೆ ಡ್ರೋನ್ ಹಾರಿಸಬಹುದೇ? ಅದು ಸಣ್ಣದು, ಮರದ ಎತ್ತರಕ್ಕಷ್ಟೇ ಹೋಗುತ್ತದೆ.
– ನಿಪ್ಪಾಣಿಯ ಛಾಯಾಗ್ರಾಹಕರು

ಉತ್ತರ: ಅನುಮತಿ ಇಲ್ಲದೆ ಹಾರಿಸುವಂತಿಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ನಿಲ್ದಾಣದ ಗಡಿಯಿಂದ 8 ರಿಂದ 12 ಕಿ.ಮೀ. ನಡುವಿನ ಪ್ರದೇಶದಲ್ಲಿ 200 ಅಡಿವರೆಗೆ ಮಾತ್ರ ಮುಕ್ತ ಅವಕಾಶ, 8 ಕಿ.ಮೀ. ಒಳಗೆ ನೆಲದಿಂದಲೇ ನಿರ್ಬಂಧ ಶುರುವಾಗುತ್ತದೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಕಾರ್ಯಾಲಯದ ಜಾಗ ಯಾವ ಬಣ್ಣದಲ್ಲಿದೆ ನೋಡಿ; ಹಸಿರು ಮುಕ್ತ, ಹಳದಿ ಮತ್ತು ಕೆಂಪಿಗೆ ಅನುಮತಿ ಬೇಕು. ಪುಟ್ಟ ಡ್ರೋನ್‌ಗಳಿಗೆ ಪೈಲಟ್ ಪ್ರಮಾಣಪತ್ರದ ವಿಷಯದಲ್ಲಿರುವ ರಿಯಾಯಿತಿ ಈ ವಲಯಗಳಿಗೆ ಅನ್ವಯಿಸುವುದಿಲ್ಲ. ಇಳಿಯಲು ಬರುವ ವಿಮಾನ ರನ್‌ವೇಯಿಂದ ಎರಡು ಕಿಲೋಮೀಟರ್ ದೂರದಲ್ಲಿರುವಾಗ ನೆಲದಿಂದ ಸುಮಾರು 350 ಅಡಿ ಮೇಲಷ್ಟೇ ಇರುತ್ತದೆ, ಮತ್ತು ಡ್ರೋನ್‌ನಿಂದ ಟಿಕಾಸ್‌ಗೆ ಯಾವ ಉತ್ತರವೂ ಹೋಗುವುದಿಲ್ಲ.

ಪ್ರಶ್ನೆ: ಸುತ್ತು ಹಾಕುತ್ತಿರುವ ಸಣ್ಣ ವಿಮಾನದ ರೇಡಿಯೋ ಕೆಟ್ಟರೆ, ಅದೇ ಹೊತ್ತಿಗೆ ಪ್ರಯಾಣಿಕ ವಿಮಾನವೂ ಬರುತ್ತಿದ್ದರೆ?
– ಬೈಲಹೊಂಗಲದ ಓದುಗರು

ಉತ್ತರ: ಪೈಲಟ್ ಟ್ರಾನ್ಸ್‌ಪಾಂಡರ್‌ನಲ್ಲಿ 7600 ಎಂಬ ಸಂಖ್ಯೆ ಹಾಕಿದರೆ ರೇಡಾರ್ ಇರುವ ಕಡೆ ಎಲ್ಲರಿಗೂ ಸಂಗತಿ ತಿಳಿಯುತ್ತದೆ. ಆ ಬಳಿಕ ಸುತ್ತಿನಲ್ಲಿಯೇ ಉಳಿದು ಟವರ್‌ನತ್ತ ನೋಡುತ್ತಿರಬೇಕು. ಟವರ್‌ನಲ್ಲಿ ಕೈಯಲ್ಲಿ ಹಿಡಿದು ಗುರಿಯಿಟ್ಟು ತೋರಿಸುವ ಬಣ್ಣದ ದೀಪವಿರುತ್ತದೆ. ಹಾರುತ್ತಿರುವ ವಿಮಾನಕ್ಕೆ ಸ್ಥಿರವಾದ ಕೆಂಪು ತೋರಿಸಿದರೆ ಇನ್ನೊಂದು ವಿಮಾನಕ್ಕೆ ದಾರಿ ಬಿಟ್ಟು ಸುತ್ತುತ್ತಿರು ಎಂದೂ, ಮಿನುಗುವ ಹಸಿರು ತೋರಿಸಿದರೆ ಇಳಿಯಲು ಮರಳಿ ಬಾ ಎಂದೂ, ಸ್ಥಿರವಾದ ಹಸಿರು ತೋರಿಸಿದರೆ ಇಳಿಯಬಹುದು ಎಂದೂ, ಮಿನುಗುವ ಕೆಂಪು ತೋರಿಸಿದರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡ ಎಂದೂ ಅರ್ಥ. ಸೂಚನೆ ತಿಳಿಯಿತೆಂದು ಪೈಲಟ್ ಹಗಲಿನಲ್ಲಿ ರೆಕ್ಕೆಗಳನ್ನು ಅಲುಗಿಸಿ ತೋರಿಸುತ್ತಾರೆ, ರಾತ್ರಿಯಾದರೆ ಇಳಿಯುವ ದೀಪವನ್ನು ಎರಡು ಬಾರಿ ಹಚ್ಚಿ ಆರಿಸುತ್ತಾರೆ. ಇತ್ತ ಪ್ರಯಾಣಿಕ ವಿಮಾನಕ್ಕೆ ರೇಡಿಯೋದಲ್ಲಿ ಎಲ್ಲವನ್ನೂ ವಿವರಿಸಿ, ಅಗತ್ಯವಿದ್ದರೆ ದೂರದಲ್ಲಿಯೇ ಕಾಯಿಸುತ್ತಾರೆ. ಅಂಥ ಹೊತ್ತಿನಲ್ಲಿ ಮೊದಲು ಇಳಿಯುವುದು ಸಣ್ಣ ವಿಮಾನವೇ ಆಗಿರುವ ಸಂಭವ ಹೆಚ್ಚು.